ಎಫ್‌ಜಿಟಿ ಪದರ ಜೋಡಿಸುವಾಗ ಗುಳ್ಳೆ, ಕೊನೆಗೆ ಲೂಪೂ ಇಲ್ಲ. ಗ್ಲೋವ್‌ಬಾಕ್ಸ್ ಇಲ್ಲದೆ ಇದು ಆಗುವ ಕೆಲಸವಾ?

ಹರಳುಗಣ್ಣಿ (ಮೈಸೂರು), ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ನಾಲ್ಕು ತಿಂಗಳಿನಿಂದ ಒಂದೇ ಜಾಗದಲ್ಲಿ ಒದ್ದಾಡುತ್ತಿದ್ದೇನೆ. ಗೈಡ್ ಹತ್ತಿರ ಮತ್ತೆ ಅದೇ ಕಥೆ ಹೇಳೋಕೆ ಮುಖ ಇಲ್ಲ, ಅದಕ್ಕೆ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಎಫ್‌ಜಿಟಿ ಅಂದರೆ ಕಬ್ಬಿಣ, ಜರ್ಮೇನಿಯಂ, ಟೆಲ್ಲೂರಿಯಂ ಸೇರಿದ ಹರಳು. ಕಾಗೆ ಬಂಗಾರದ ಹಾಗೆ ಪದರ ಪದರವಾಗಿ ಬಿಡುತ್ತದೆ. ಕಾಗೆ ಬಂಗಾರಕ್ಕಿಲ್ಲದ ಒಂದು ಗುಣ ಇದಕ್ಕಿದೆ, ತಣ್ಣಗೆ ಮಾಡಿದರೆ ಅಯಸ್ಕಾಂತ ಆಗುತ್ತದೆ. ಟೇಪಿನಲ್ಲಿ ಎಬ್ಬಿಸಿದ ತೆಳು ಚೂರುಗಳನ್ನು ಒಂದರ ಮೇಲೊಂದು ಕೂರಿಸುವುದು ನನ್ನ ಕೆಲಸ. ಕೆಳಗೆ ಒಂದು ಎಫ್‌ಜಿಟಿ, ಮೇಲೆ ಎರಡೋ ಮೂರೋ ಪರಮಾಣು ದಪ್ಪದ ಬೋರಾನ್ ನೈಟ್ರೈಡ್, ಅದರ ಮೇಲೆ ಇನ್ನೊಂದು ಎಫ್‌ಜಿಟಿ, ಎಲ್ಲದಕ್ಕೂ ಹೊದಿಕೆಯಾಗಿ ದಪ್ಪ ಬೋರಾನ್ ನೈಟ್ರೈಡ್. ಎರಡೂ ಅಯಸ್ಕಾಂತ ಒಂದೇ ಕಡೆ ಮುಖ ಮಾಡಿದ್ದರೆ ಕರೆಂಟ್ ಸಲೀಸಾಗಿ ದಾಟಬೇಕು. ಎದುರುಬದುರಾದರೆ ತಡೆ ಏರಬೇಕು. 2018ರಲ್ಲಿ ಇದೇ ಜೋಡಣೆಯಲ್ಲಿ 4.2 ಕೆಲ್ವಿನ್‌ನಲ್ಲಿ ಶೇ. 160 ವ್ಯತ್ಯಾಸ ತೋರಿಸಿದ್ದಾರೆ. ನಮ್ಮಲ್ಲಿ ದ್ರವ ಸಾರಜನಕ ಮಾತ್ರ ಇದೆ, ಅಂದರೆ 77 ಕೆಲ್ವಿನ್. ಅಲ್ಲಿ ಶೇ. 10 ಬಂದರೂ ನಾನು ಚಾಮುಂಡಿ ಬೆಟ್ಟ ನಡೆದು ಹತ್ತುತ್ತೇನೆ.

ಈಗ ಗೋಳು. ಗಾಜಿನ ಸ್ಲೈಡಿನ ಮೇಲೆ ಪಿಡಿಎಂಎಸ್ ಅನ್ನುವ ಮೆತ್ತನೆ ರಬ್ಬರಿನ ಗುಂಡಿ, ಅದರ ಮೇಲೆ ಪಾಲಿಕಾರ್ಬೊನೇಟ್ ಹಾಳೆ, ಅದೇ ನನ್ನ ಸ್ಟಾಂಪ್. 80 ಡಿಗ್ರಿ ಬಿಸಿಯಲ್ಲಿ ಚೂರು ಎತ್ತುತ್ತೇನೆ. ಪ್ರತಿ ಸಲವೂ ಪದರಗಳ ನಡುವೆ ಗುಳ್ಳೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಿಡುಬು ಎದ್ದ ಮುಖದ ಹಾಗೆ. ಅದನ್ನೂ ಸಹಿಸಿಕೊಂಡು ಚಿಪ್ಪನ್ನು ಚಿನ್ನದ ಸಂಪರ್ಕ ಹಾಕಿಸಲು ಬೆಂಗಳೂರಿಗೆ ಒಯ್ಯುತ್ತೇನೆ. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ, ಟಿಫಿನ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಂಡು. ವಾಪಸ್ ಬಂದು ಅಳೆದರೆ ತಡೆ ಮೆಗಾ ಓಮ್‌ಗಟ್ಟಲೆ. ಕಾಂತಕ್ಷೇತ್ರ (ಫೀಲ್ಡ್) ಏರಿಸಿ ಇಳಿಸಿದಾಗ ತಡೆಯ ಗ್ರಾಫಿನಲ್ಲಿ ಬರಬೇಕಾದ ಲೂಪ್ ಇಲ್ಲ, ಏನೂ ಇಲ್ಲ.

ಗ್ಲೋವ್‌ಬಾಕ್ಸ್, ಅಂದರೆ ಗಾಳಿ, ತೇವ ನುಸುಳದ, ಕೈಗವಸಿನೊಳಗೆ ಕೈ ತೂರಿಸಿ ಕೆಲಸ ಮಾಡುವ ಪೆಟ್ಟಿಗೆ, ನಮ್ಮಲ್ಲಿ ಇಲ್ಲ. ಆಕ್ರಿಲಿಕ್ ಪೆಟ್ಟಿಗೆಗೆ ಸಾರಜನಕ ಬಿಟ್ಟುಕೊಂಡು ಕೆಲಸ ಮಾಡುತ್ತೇನೆ. ಈ ಮಳೆಯಲ್ಲಿ ತೇವದ ಮೀಟರ್ 20ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬಿಟ್ಟುಬಿಡಲಾ?

ಒಂಟಿಕೊಪ್ಪಲ್_ಒಂಟಿ

ಗ್ಲೋವ್‌ಬಾಕ್ಸ್ ಇಲ್ಲದೆ ಆಗಲ್ಲ. ವಿಷಯ ಬದಲಾಯಿಸಿ.

ಸಾರಜನಕ_ಡಬ್ಬಿ

ಒಂಟಿಯವರೇ, ಒಂದೇ ಏಟಿಗೆ ಹುಡುಗಿಯ ಮೂರು ವರ್ಷ ಚರಂಡಿಗೆ ಹಾಕಿದಿರಲ್ಲ!

ಯಾವ ಪದಾರ್ಥ, ಎಷ್ಟು ದಪ್ಪ ಅಂತ ಕೇಳದೆ ಹೀಗೆ ಹೇಳಬಾರದು. ಕ್ರೋಮಿಯಂ ಟ್ರೈಅಯೊಡೈಡ್ ಅನ್ನುವ ಇನ್ನೊಂದು ಅಯಸ್ಕಾಂತ ಹರಳಿನ ಒಂದೇ ಪದರ ಆಗಿದ್ದರೆ ನಾನೂ ನಿಮ್ಮ ಪಕ್ಷ. ಅದನ್ನು ಬಯಲಲ್ಲಿ ಇಟ್ಟು ಟೀ ಕುಡಿದು ಬರುವಷ್ಟರಲ್ಲಿ ನೀರು ಹೀರಿ ಕರಗಿ ಹನಿ ಹನಿಯಾಗಿ ಕೂತಿರುತ್ತದೆ. ಅದಕ್ಕೆ ಆಮ್ಲಜನಕ, ನೀರು ಎರಡೂ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇರುವ ಪೆಟ್ಟಿಗೆಯೇ ಬೇಕು. ಎಫ್‌ಜಿಟಿ ಅಷ್ಟು ನಾಜೂಕಿನದಲ್ಲ. ಮೇಲಿನ ಕೆಲವು ನ್ಯಾನೋಮೀಟರ್ ಆಕ್ಸೈಡ್ ಆಗುತ್ತದೆ, ಅಡಿಯಲ್ಲಿರುವುದು ಉಳಿಯುತ್ತದೆ. ಮೇಡಂ, ನಿಮ್ಮ ಚೂರು ಎಷ್ಟು ದಪ್ಪ?

ಚಿರೋಟಿಪ್ರಿಯ

ನಾನು ಕಾಮರ್ಸ್ ಓದಿದವನು, ತಪ್ಪಿ ಇಲ್ಲಿಗೆ ಬಂದೆ. ಪದರ ಪದರ ಅಂತ ಓದಿ ಚಿರೋಟಿ ವಿಷಯ ಅಂದುಕೊಂಡೆ. ಒಂದೇ ಪ್ರಶ್ನೆ. ಇದನ್ನು ಮಾಡಿ ಏನು ಸಿಗುತ್ತದೆ?

ಮಂಡ್ಯದ_ಮೇಷ್ಟ್ರು

ಚಿರೋಟಿಯವರೇ, ನಿಮ್ಮ ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಇದೆಯಲ್ಲ, ಅದರಲ್ಲಿ ಓದುವ ಮೂತಿ ಕೆಲಸ ಮಾಡುವುದು ಹೀಗೇ. ಕಬ್ಬಿಣ, ಕ್ರೋಮಿಯಂ ತೆಳು ಪದರ ಪೇರಿಸಿದರೆ ಅಯಸ್ಕಾಂತದ ದಿಕ್ಕು ನೋಡಿಕೊಂಡು ವಿದ್ಯುತ್ ತಡೆ ಬದಲಾಗುತ್ತದೆ ಅಂತ 1988ರಲ್ಲಿ ಫ್ರಾನ್ಸಿನ ಆಲ್ಬೆರ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದರು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹತ್ತೇ ವರ್ಷದಲ್ಲಿ ಅದು ಪ್ರಯೋಗಾಲಯದಿಂದ ಡಿಸ್ಕಿನೊಳಗೆ ಹೋಯಿತು.

ಆಗ ಪದರ ಹಾಕುತ್ತಿದ್ದದ್ದು ನಿರ್ವಾತದಲ್ಲಿ, ಲೋಹದ ಪರಮಾಣುಗಳನ್ನು ಎರಚಿ. ಒಂದರ ಪರಮಾಣು ಇನ್ನೊಂದರ ಜೊತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎರಡರ ಅಳತೆ ಹೊಂದಲಿಲ್ಲ ಅಂದರೆ ಗಡಿಯಲ್ಲೇ ರಾದ್ಧಾಂತ. ಈ ಹುಡುಗಿ ಮಾಡುತ್ತಿರುವುದರಲ್ಲಿ ಆ ಗೋಜಿಲ್ಲ. ಪದರ ಪದರದ ನಡುವೆ ಇರುವುದು ವ್ಯಾನ್ ಡರ್ ವಾಲ್ಸ್ ಅನ್ನುವ ಬಡಪಾಯಿ ಅಂಟು. ಯಾವುದರ ಮೇಲೆ ಯಾವುದನ್ನು ಬೇಕಾದರೂ ಇಡಬಹುದು. ಬೇಕಾದಷ್ಟು ಕೋನಕ್ಕೆ ತಿರುಗಿಸಿಯೂ ಇಡಬಹುದು. ಗ್ರಾಫೀನನ್ನು 2004ರಲ್ಲಿ ಟೇಪಿನಿಂದ ಎಬ್ಬಿಸಿದರಲ್ಲ, ಅಲ್ಲಿಂದ ಶುರುವಾದ ಆಟ ಇದು. ಅಯಸ್ಕಾಂತದ ಪದರ ಕೈಗೆ ಸಿಕ್ಕಿದ್ದು 2017ರಲ್ಲಿ. ಕ್ರೋಮಿಯಂ ಟ್ರೈಅಯೊಡೈಡ್‌ನ ಒಂಟಿ ಪದರ 45 ಕೆಲ್ವಿನ್‌ವರೆಗೆ ಅಯಸ್ಕಾಂತವಾಗಿ ಉಳಿಯುತ್ತದೆ ಅಂತ ಗೊತ್ತಾಯಿತು. ಇಡೀ ಹರಳಿಗೆ ಅದು 61.

ತಮಾಷೆ ಏನು ಗೊತ್ತಾ? ಅದೇ ಪದಾರ್ಥದ ಎರಡು ಪದರ ತೆಗೆದುಕೊಂಡರೆ ಒಂದು ಮೇಲೆ ಮುಖ, ಒಂದು ಕೆಳಗೆ ಮುಖ. ಒಟ್ಟು ಸೊನ್ನೆ. ಮೂರು ಪದರ ಅಂದರೆ ಮತ್ತೆ ಅಯಸ್ಕಾಂತ. ಬೆಸ ಬಂದರೆ ಇದೆ, ಸರಿ ಬಂದರೆ ಇಲ್ಲ. ಕವಡೆ ಆಟದ ಹಾಗೆ.

ಚಿರೋಟಿಪ್ರಿಯ

ಮೇಷ್ಟ್ರೇ, ಪೂರ್ತಿ ಅರ್ಥ ಆಗಲಿಲ್ಲ, ಆದರೆ ಕವಡೆ ಅರ್ಥ ಆಯಿತು. ಥ್ಯಾಂಕ್ಸ್.

ಪ್ರಮೇಯಪ್ಪ

ಎಲ್ಲರೂ ಒಂದು ಮೂಲ ವಿಷಯ ಮರೆಯುತ್ತಿದ್ದೀರಿ. ಮರ್ಮಿನ್ ಮತ್ತು ವಾಗ್ನರ್, 1966. ಎರಡು ಆಯಾಮದಲ್ಲಿ ಸೊನ್ನೆ ಕೆಲ್ವಿನ್‌ಗಿಂತ ಮೇಲಿನ ಯಾವ ತಾಪದಲ್ಲೂ ಅಯಸ್ಕಾಂತ ವ್ಯವಸ್ಥೆ ನಿಲ್ಲುವುದಿಲ್ಲ. ಇದು ಅಭಿಪ್ರಾಯ ಅಲ್ಲ, ಪ್ರಮೇಯ. ಸಾಧನೆ ಸಮೇತ ಇದೆ. ಹಾಗಿರುವಾಗ "ಎರಡು ಆಯಾಮದ ಅಯಸ್ಕಾಂತ" ಅನ್ನುವ ಮಾತೇ ತಪ್ಪು.

ಸಾರಜನಕ_ಡಬ್ಬಿ

ಪ್ರಮೇಯ ಪೂರ್ತಿ ಓದಿ ಸ್ವಾಮಿ. ಷರತ್ತು ಅದರಲ್ಲೇ ಇದೆ. ಸ್ಪಿನ್‌ಗೆ, ಅಂದರೆ ಒಂದೊಂದು ಪರಮಾಣುವಿನ ಪುಟ್ಟ ಅಯಸ್ಕಾಂತಕ್ಕೆ, ಎಲ್ಲಾ ದಿಕ್ಕೂ ಒಂದೇ ಆಗಿದ್ದರೆ ಮಾತ್ರ ಆ ಮಾತು.

ಪ್ರಮೇಯಪ್ಪ

ಆ ಷರತ್ತು ನನಗೂ ಗೊತ್ತು. ಅದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನನ್ನ ದೂರು.

ಆಲೆಮನೆ_ಹುಡುಗ (ಮಂಡ್ಯ)

ಈಗ ಹೇಳಿದರಲ್ಲ ಅಣ್ಣ, ಆಯಿತಲ್ಲ.

ನಾನು ಬಿ.ಎಸ್ಸಿ ಮುಗಿಸಿ ಗದ್ದೆಗೆ ಇಳಿದವನು. ನನಗೆ ಅರ್ಥ ಆಗಿರುವುದು ಹೀಗೆ. ಕಬ್ಬು ಎದೆ ಮಟ್ಟ ದಾಟಿದ ಮೇಲೆ ಒಂದೊಂದು ಜಲ್ಲೆಯೂ ಗಾಳಿ ಬಂದ ಕಡೆ ಬಾಗುತ್ತದೆ. ಒಂದು ಬಾಗಿದರೆ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಇಡೀ ಗದ್ದೆ ಮಲಗುತ್ತದೆ. ಅಲೆ ಅಲೆಯಾಗಿ. ಅದೇ ಪ್ರಮೇಯ. ಸೋಗೆ ಹಿಡಿದು ನಾಲ್ಕು ನಾಲ್ಕು ಜಲ್ಲೆ ಸೇರಿಸಿ ಕಟ್ಟಿ ನಿಲ್ಲಿಸಿದರೆ ಗಾಳಿಗೆ ಸ್ವಲ್ಪ ಅಲ್ಲಾಡುತ್ತದೆ, ಮಲಗುವುದಿಲ್ಲ. ಹರಳಿನಲ್ಲಿ ಆ ಕಟ್ಟು ತಾನಾಗೇ ಇದೆ. ಸ್ಪಿನ್‌ಗೆ ಮೇಲೆ ಇಲ್ಲವೇ ಕೆಳಗೆ ನೋಡುವುದು ಸುಲಭ, ಅಡ್ಡ ಮಲಗಲು ಖರ್ಚು ಬೀಳುತ್ತದೆ. ಜೋರು ಗಾಳಿ ಬಂದರೆ, ಅಂದರೆ ಬಿಸಿ ಏರಿದರೆ, ಕಟ್ಟೂ ಕಿತ್ತುಹೋಗುತ್ತದೆ. ಸರಿನಾ ಮೇಷ್ಟ್ರೇ?

ಮಂಡ್ಯದ_ಮೇಷ್ಟ್ರು

ಸರಿ ಕಣೋ. ನಾನು ಮೂವತ್ತು ವರ್ಷ ಪಾಠ ಮಾಡಿದರೂ ಈ ಉದಾಹರಣೆ ಹೊಳೆದಿರಲಿಲ್ಲ. ಈ ಸಲ ಬೆಲ್ಲ ಹೇಗಾಗಿದೆ?

ಆಲೆಮನೆ_ಹುಡುಗ

ಬಣ್ಣ ಚೆನ್ನಾಗಿದೆ ಸರ್. ರೇಟ್ ಮಾತ್ರ ಕೇಳಬೇಡಿ.

ಹರಳುಗಣ್ಣಿ

ಸಾರಜನಕ_ಡಬ್ಬಿ ಸರ್, ಕೆಳಗಿನದು ಸುಮಾರು 30 ನ್ಯಾನೋಮೀಟರ್, ಮೇಲಿನದು 18. ಬೇಕಂತಲೇ ಬೇರೆ ಬೇರೆ ದಪ್ಪ ಆರಿಸಿಕೊಂಡೆ. ಎರಡೂ ಒಂದೇ ಫೀಲ್ಡಿನಲ್ಲಿ ತಿರುಗಿಬಿಟ್ಟರೆ ಎದುರುಬದುರು ಸ್ಥಿತಿ ಬರುವುದೇ ಇಲ್ಲ ಅಲ್ವಾ. ಮೇಲೆ ಮುಚ್ಚಿರುವ ಬೋರಾನ್ ನೈಟ್ರೈಡ್ ಸ್ವಲ್ಪ ಚಿಕ್ಕದು, ಎಫ್‌ಜಿಟಿಯ ಅಂಚು ಹೊರಗೆ ಇಣುಕುತ್ತಿರುತ್ತದೆ. ಆ ಅಂಚಿಗೇ ಚಿನ್ನ ಹಾಕಿಸುವುದು.

ಸಾರಜನಕ_ಡಬ್ಬಿ

ಸಿಕ್ಕಿತು!

ನಿಮ್ಮ ಅಯಸ್ಕಾಂತ ಸತ್ತಿಲ್ಲ ಮೇಡಂ. 18 ನ್ಯಾನೋಮೀಟರ್ ಅಂದರೆ ಇಪ್ಪತ್ತಕ್ಕೂ ಹೆಚ್ಚು ಪದರ. ಎರಡು ದಿನದ ಗಾಳಿಗೆ ಅಷ್ಟೂ ಸಾಯುವುದಿಲ್ಲ. ಇಡೀ ಹರಳು 200 ಕೆಲ್ವಿನ್ ಆಚೀಚೆ ತನಕ ಅಯಸ್ಕಾಂತ, ನಿಮ್ಮ ದಪ್ಪಕ್ಕೂ 77ರಲ್ಲಿ ಧಾರಾಳವಾಗಿ ಇರಬೇಕು. ಸತ್ತಿರುವುದು ಸಂಪರ್ಕ. ಇಣುಕುವ ಅಂಚು ರೈಲಿನಲ್ಲಿ, ಚಿನ್ನದ ಗೆರೆಯ ಅಚ್ಚಿಗೆ ರೆಸಿಸ್ಟ್ ಅನ್ನುವ ಪಾಲಿಮರ್ ಬಳಿಯುವಾಗ, ಬೇಯಿಸುವಾಗ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ಮೇಲೆ ಚಿನ್ನ ಕೂರುತ್ತದೆ. ಮೆಗಾ ಓಮ್ ಬರದೆ ಇನ್ನೇನು ಬರುತ್ತದೆ? ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಟೇಪ್ ಅಂಟಿಸಿದ ಹಾಗೆ.

ಉಲ್ಟಾ ಮಾಡಿ. ಮೊದಲು ಬರೀ ಚಿಪ್ಪಿಗೆ ಚಿನ್ನದ ಗೆರೆ ಹಾಕಿಸಿಕೊಂಡು ಬನ್ನಿ. ಒಂದೇ ಸಲಕ್ಕೆ ಇಪ್ಪತ್ತು ಚಿಪ್ಪು ತನ್ನಿ. ಚಿನ್ನಕ್ಕೆ ತುಕ್ಕಿನ ಭಯ ಇಲ್ಲ, ಟಿಫಿನ್ ಡಬ್ಬಿಯಲ್ಲಿ ಆರು ತಿಂಗಳು ಇಟ್ಟರೂ ಆಯಿತು. ಆಮೇಲೆ ಪದರ ಜೋಡಿಸಿ ಆ ಚಿನ್ನದ ಮೇಲೆ ಇಳಿಸಿ. ಮುಚ್ಚುವ ಬೋರಾನ್ ನೈಟ್ರೈಡ್ ಎಲ್ಲಕ್ಕಿಂತ ದೊಡ್ಡದಿರಲಿ, ಕೋಳಿ ಮರಿಗಳ ಮೇಲೆ ಕೂತ ಹಾಗೆ. ಎರಡು ಎಫ್‌ಜಿಟಿಯನ್ನು ಅಧಿಕ ಚಿಹ್ನೆ ಥರ ಅಡ್ಡಡ್ಡ ಇಟ್ಟರೆ ಮೇಲಿನದರ ತುದಿಯೂ ಬಾಗಿ ಚಿನ್ನ ಮುಟ್ಟುತ್ತದೆ. ಆಮೇಲೆ ರೆಸಿಸ್ಟೂ ಇಲ್ಲ, ರೈಲೂ ಇಲ್ಲ. ಒಂದೇ ಎಚ್ಚರಿಕೆ, ಚಿನ್ನದ ಗೆರೆ ತೆಳ್ಳಗಿರಲಿ. 15 ನ್ಯಾನೋಮೀಟರ್ ಸಾಕು. ದಪ್ಪ ಇದ್ದರೆ ಮೆಟ್ಟಿಲಿನ ಅಂಚಿನಲ್ಲಿ ಚೂರು ಹರಿಯುತ್ತದೆ.

ಹರಳುಗಣ್ಣಿ

ಅಯ್ಯೋ. ನಾಲ್ಕು ತಿಂಗಳು ನಾನು ಅಯಸ್ಕಾಂತಕ್ಕೆ ಬೈಯುತ್ತಿದ್ದೆ.

ಒಂಟಿಕೊಪ್ಪಲ್_ಒಂಟಿ

ಸರಿ, ಒಪ್ಪಿದೆ. ಆದರೆ ಗುಳ್ಳೆ?

ಗಾಜಿನಂಗಡಿ (ಸಯ್ಯಾಜಿರಾವ್ ರಸ್ತೆ)

ಅಕ್ಕ, ನಾನು ಮೊಬೈಲ್ ರಿಪೇರಿ ಅಂಗಡಿಯವನು. ದಿನಕ್ಕೆ ಮೂವತ್ತು ನಲವತ್ತು ಟೆಂಪರ್ಡ್ ಗ್ಲಾಸ್ ಹಾಕುತ್ತೇನೆ. ನಿಮ್ಮ ವಿಷಯ ಗೊತ್ತಿಲ್ಲ, ಗುಳ್ಳೆ ವಿಷಯ ಮಾತ್ರ ನನ್ನನ್ನು ಕೇಳಿ.

ಹೊಸಬರು ಮಾಡುವ ತಪ್ಪು ಒಂದೇ. ಗಾಜನ್ನು ಚಪ್ಪಟೆಯಾಗಿ ಮೇಲಿಂದ ಇಳಿಸುತ್ತಾರೆ. ನಡುವೆ ಸಿಕ್ಕಿದ ಗಾಳಿ ಎಲ್ಲಿಗೆ ಹೋಗಬೇಕು? ಒಂದು ಅಂಚು ಮೊದಲು ಮುಟ್ಟಿಸಬೇಕು. ಕೈಬಿಟ್ಟರೆ ಅದೇ ಓಡುತ್ತದೆ, ಆ ಕಪ್ಪು ಗೆರೆ ಮುಂದೆ ಮುಂದೆ ಹೋಗುವುದು ಕಾಣುತ್ತದೆ. ಅದನ್ನು ಅವಸರ ಮಾಡಿಸಬಾರದು. ನಡುವೆ ಬೆರಳಿಟ್ಟು ಒತ್ತಿದಿರೋ, ಗುಳ್ಳೆ ಅಲ್ಲೇ ಬೀಗ ಹಾಕಿಕೊಂಡಿತು. ಇನ್ನೊಂದು, ಒಂದು ಕಣ ಧೂಳಿದ್ದರೆ ಅದರ ಸುತ್ತ ಗುಳ್ಳೆ ಗ್ಯಾರಂಟಿ. ನಾವು ಸ್ಟಿಕ್ಕರಿನಿಂದ ಎತ್ತುತ್ತೇವೆ. ಕೆಲವರು ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಆವಿ ಮಾಡಿಕೊಂಡು ಹಾಕುತ್ತಾರೆ, ಧೂಳು ಕೆಳಗೆ ಕೂರುತ್ತದೆ ಅಂತ.

ಒಂಟಿಕೊಪ್ಪಲ್_ಒಂಟಿ

ಆವಿ ಸಲಹೆ ಮಾತ್ರ ದಯವಿಟ್ಟು ತೆಗೆದುಕೊಳ್ಳಬೇಡಿ ಮೇಡಂ 😂

ಗಾಜಿನಂಗಡಿ

ನಾನು ನನ್ನ ಮೊಬೈಲಿಗೆ ಹೇಳಿದ್ದು ಸರ್.

ಬಿಸಿಯಂಟು

ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು. ನಾವು ಅದನ್ನೇ ಇಂಗ್ಲಿಷಿನಲ್ಲಿ ಬರೆದು ಪೇಪರ್ ಮಾಡುತ್ತೇವೆ ಅಷ್ಟೇ. ಸ್ಲೈಡನ್ನು ಒಂದು ಡಿಗ್ರಿ ಓರೆ ಮಾಡಿ. ಮೈಕ್ರೋಸ್ಕೋಪಿನಲ್ಲಿ ಪಾಲಿಮರ್ ಮುಟ್ಟಿದ ಜಾಗದ ಗೆರೆ ಕಾಣುತ್ತದೆ. ಅದು ಚೂರಿನ ಹತ್ತಿರ ಬಂದ ಮೇಲೆ ಸ್ಕ್ರೂ ತಿರುಗಿಸುವುದು ನಿಲ್ಲಿಸಿ. ಬಿಸಿಯನ್ನು ಸ್ವಲ್ಪ ಸ್ವಲ್ಪ ಏರಿಸಿದರೆ ಪಾಲಿಮರ್ ಹಿಗ್ಗಿ ಗೆರೆಯನ್ನು ತಾನೇ ಮುಂದೆ ತಳ್ಳುತ್ತದೆ. ಕೈಗಿಂತ ಹತ್ತು ಪಟ್ಟು ನಯ.

ಇನ್ನೊಂದು ತಪ್ಪು ನಿಮ್ಮ 80 ಡಿಗ್ರಿ. ಗುಳ್ಳೆಯೊಳಗೆ ಬರೀ ಗಾಳಿ ಅಂದುಕೊಳ್ಳಬೇಡಿ. ನೀರು, ಟೇಪಿನ ಅಂಟಿನ ಜಿಡ್ಡು ಎಲ್ಲ ಇರುತ್ತದೆ. ಎರಡು ಪದರ ಒಂದನ್ನೊಂದು ಸೆಳೆಯುವಾಗ ಆ ಕೊಳೆಯನ್ನೆಲ್ಲ ಹಿಂಡಿ ಒಂದು ಕಡೆ ಗುಡ್ಡೆ ಹಾಕುತ್ತವೆ, ಅದೇ ನಿಮಗೆ ಕಾಣುವ ಗುಳ್ಳೆ. 80ರಲ್ಲಿ ಗುಳ್ಳೆ ಅಲ್ಲಾಡುವುದಿಲ್ಲ. 110ರಲ್ಲಿ ಓಡಾಡಲು ಶುರು ಮಾಡುತ್ತದೆ, ನಿಧಾನವಾಗಿ ಹೋದರೆ ಅಂಚಿನಿಂದ ಹೊರಗೆ ಹೋಗುತ್ತದೆ. ಗ್ರಾಫೀನಿನವರು 2016ರ ಹೊತ್ತಿಗೇ ಇದನ್ನು ಬಿಡಿಸಿ ಬರೆದಿದ್ದಾರೆ.

ಮತ್ತೆ, ಎಲ್ಲಾ ಗುಳ್ಳೆಗೂ ಅಳಬೇಡಿ. ಕೊಳೆ ಒಂದು ಕಡೆ ಗುಡ್ಡೆ ಬಿತ್ತು ಅಂದರೆ ಉಳಿದ ಜಾಗ ಕ್ಲೀನ್ ಅಂತ ಅರ್ಥ. ಎರಡು ಗುಳ್ಳೆ ನಡುವೆ ಐದು ಮೈಕ್ರಾನ್ ಜಾಗ ಸಿಕ್ಕರೆ ನಿಮ್ಮ ಅಡ್ಡ ಜೋಡಣೆ ಅಲ್ಲೇ ಬರುವ ಹಾಗೆ ನೋಡಿಕೊಳ್ಳಿ.

ಕುಕ್ಕರಹಳ್ಳಿ_ವಾಕರ್

ಎಎಫ್‌ಎಂ (ಸೂಜಿಯಿಂದ ಮೇಲ್ಮೈ ತಡವಿ ನೋಡುವ ಮೈಕ್ರೋಸ್ಕೋಪ್) ಇದ್ದರೆ ಅದರ ಸೂಜಿ ಮೂತಿಯಲ್ಲಿ ಒತ್ತಿ ಗುಡಿಸಿದರೂ ಗುಳ್ಳೆ ಅಂಚಿಗೆ ಹೋಗುತ್ತದೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಇಸ್ತ್ರಿ ಮಾಡೋದು ಅಂತಲೇ ಹೆಸರು.

ಸಾರಜನಕ_ಡಬ್ಬಿ

ಬಿಸಿಯಂಟು ಅವರಿಗೆ ಒಂದು ತಿದ್ದುಪಡಿ. 20 ತೇವದ ಪೆಟ್ಟಿಗೆಯಲ್ಲಿ 110ಕ್ಕೆ ಎಫ್‌ಜಿಟಿ ಬಿಸಿ ಮಾಡಿದರೆ ಆಕ್ಸೈಡ್ ಇನ್ನೂ ಬೇಗ ಆಗುತ್ತದೆ. ಕೊನೆಗೆ ಪಾಲಿಕಾರ್ಬೊನೇಟ್ ಬಿಡಿಸಲು 170, 180 ಬೇಕು, ಅದು ಇನ್ನೂ ಕಷ್ಟ. ಅದಕ್ಕೆ ಕ್ರಮ ಮುಖ್ಯ. ಮೊದಲು ಬೋರಾನ್ ನೈಟ್ರೈಡ್ ಎತ್ತಿ ಸ್ಟಾಂಪ್ ಸಿದ್ಧ ಇಟ್ಟುಕೊಳ್ಳಿ. ಅದಕ್ಕೆ ಗಾಳಿ ಏನೂ ಮಾಡುವುದಿಲ್ಲ, ಹೊರಗೇ ನಿಧಾನವಾಗಿ ಮಾಡಿ. ಎಫ್‌ಜಿಟಿಯನ್ನು ಟೇಪಿನಿಂದ ಎಬ್ಬಿಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಆ ಚೂರನ್ನು ಹುಡುಕುವುದಕ್ಕೇ ಮೂರು ಗಂಟೆ ಕಳೆದರೆ ಆಮೇಲೆ ಸಾರಜನಕ ಹರಿಸಿ ಏನು ಪ್ರಯೋಜನ?

ಹರಳುಗಣ್ಣಿ

ಮೂರು ಅಲ್ಲ ಸರ್. ಕೆಲವು ದಿನ ಆರು. 285 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಚಿಪ್ಪಿನ ಮೇಲೆ ಹುಡುಕುತ್ತೇನೆ. ತೆಳು ಬೋರಾನ್ ನೈಟ್ರೈಡ್ ಅಂತೂ ಕಣ್ಣಿಗೇ ಕಾಣುವುದಿಲ್ಲ.

ಬಿಸಿಯಂಟು

ಬೋರಾನ್ ನೈಟ್ರೈಡಿಗೆ 90 ನ್ಯಾನೋಮೀಟರಿನ ಚಿಪ್ಪು ತೆಗೆದುಕೊಳ್ಳಿ, ಸ್ವಲ್ಪ ಮೇಲು. ಫಿಲ್ಟರ್ ಹಾಕಿ ಕಾಂಟ್ರಾಸ್ಟ್ ಏರಿಸಿ ನೋಡಿ. ಒಮ್ಮೆ ಕಣ್ಣಿಗೆ ಅಭ್ಯಾಸ ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ.

ಚಿರೋಟಿಪ್ರಿಯ

ಬೋರಾನ್ ನೈಟ್ರೈಡ್ ಎಲ್ಲಿ ಸಿಗುತ್ತದೆ? ದೇವರಾಜ ಮಾರುಕಟ್ಟೆಯಲ್ಲಾ?

ಕುಕ್ಕರಹಳ್ಳಿ_ವಾಕರ್

ನಗಬೇಡಿ, ಅದೂ ಒಂದು ಕಥೆ. ಜಗತ್ತಿನ ಒಳ್ಳೊಳ್ಳೆ ಲ್ಯಾಬುಗಳಿಗೆಲ್ಲ ಈ ಹರಳು ಹೋಗುವುದು ಜಪಾನಿನ ತ್ಸುಕುಬಾದಿಂದ. ತಾನಿಗುಚಿ, ವಾತನಾಬೆ ಅಂತ ಇಬ್ಬರು ಭಾರೀ ಒತ್ತಡದ ಯಂತ್ರದಲ್ಲಿ ಬೆಳೆದು ಎಲ್ಲರಿಗೂ ಕಳಿಸುತ್ತಾರೆ. ಗ್ರಾಫೀನ್ ಪೇಪರುಗಳಲ್ಲಿ ಅವರ ಹೆಸರು ಇಲ್ಲದ್ದು ಹುಡುಕುವುದೇ ಕಷ್ಟ. ಮದುವೆ ಮನೆಯ ಅಡುಗೆ ಭಟ್ಟರ ಹಾಗೆ, ಊಟ ಯಾರದ್ದೇ ಇರಲಿ ಸಾರು ಅವರದ್ದೇ.

ಕುಲುಮೆ_ತಾತ (ನಿವೃತ್ತ)

ಹರಳಿನ ಮಾತು ಬಂತು, ಅದಕ್ಕೆ ಬಾಯಿ ಹಾಕುತ್ತೇನೆ. ಮಗಳೇ, ನಿನ್ನ ಎಫ್‌ಜಿಟಿ ಕೊಂಡದ್ದಾ, ಬೆಳೆದದ್ದಾ?

ನಾನು ಒಂದು ಲ್ಯಾಬಿನಲ್ಲಿ, ಹೆಸರು ಬೇಡ, ಈ ಥರದ ಹರಳು ಬೆಳೆಯುತ್ತಿದ್ದೆ. ಕ್ವಾರ್ಟ್ಜ್ ಕೊಳವೆಯೊಳಗೆ ಪುಡಿ ತುಂಬಿ, ಗಾಳಿ ಎಳೆದು, ಬೆಂಕಿಯಲ್ಲಿ ಬಾಯಿ ಕರಗಿಸಿ ಮುಚ್ಚುವುದು. ಸಾಗಿಸಲು ಚಿಟಿಕೆ ಅಯೊಡಿನ್. ಕುಲುಮೆಯ ಒಂದು ತುದಿ ಜಾಸ್ತಿ ಬಿಸಿ, ಇನ್ನೊಂದು ಕಡಿಮೆ. ಬಿಸಿ ಕಡೆಯಿಂದ ಆವಿಯಾಗಿ ಹೋಗಿ ತಣ್ಣನೆ ಕಡೆ ಹರಳಾಗಿ ಕೂರುತ್ತದೆ. ವಾರಗಟ್ಟಲೆ ಕಾಯಬೇಕು. ಒಂದು ದಿನ ನನ್ನ ಜೊತೆಗಾರ ಚಿಟಿಕೆ ಬದಲು ಚಮಚ ಅಯೊಡಿನ್ ಹಾಕಿದ. ರಾತ್ರಿ ಎರಡಕ್ಕೆ ಢಮ್ ಅಂತು. ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆ ಪೂರ್ತಿ ನೇರಳೆ ಹೊಗೆ, ಕುಲುಮೆಯ ಇಟ್ಟಿಗೆಯೊಳಗೆಲ್ಲ ಗಾಜಿನ ಚೂರು. ನಾನು ಗೋಡೆ ಮೇಲಿದ್ದ ಕ್ಯಾಲೆಂಡರ್ ತೆಗೆದೆ, ಅದರ ಹಿಂದೆ ಮಾತ್ರ ಗೋಡೆ ಬೆಳ್ಳಗಿತ್ತು.

ಹೇಳಲು ಬಂದದ್ದು ಇಷ್ಟು. ಎಫ್‌ಜಿಟಿಯಲ್ಲಿ ಕಬ್ಬಿಣ ಸ್ವಲ್ಪ ಕಡಿಮೆ ಬಿದ್ದರೂ ಅಯಸ್ಕಾಂತವಾಗಿ ಉಳಿಯುವ ತಾಪ ಇಳಿದುಬಿಡುತ್ತದೆ. ಪದರ ಜೋಡಿಸುವ ಮೊದಲು ಇಡೀ ಹರಳನ್ನು ಅಳೆದು ನೋಡಿದ್ದೀಯಾ?

ಹರಳುಗಣ್ಣಿ

ಕೊಂಡದ್ದು ತಾತ. ಅಳೆದಿದ್ದೇನೆ, 210 ಕೆಲ್ವಿನ್ ಹತ್ತಿರ ಬಂತು.

ಕುಲುಮೆ_ತಾತ

ಹಾಗಾದರೆ ಹರಳಿನ ತಪ್ಪಿಲ್ಲ. ಮುಂದುವರಿ.

ಹೀಲಿಯಂ_ಖಾಲಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎಫ್‌ಜಿಟಿ ಯಾಕೆ? ಕ್ರೋಮಿಯಂ, ಗಂಧಕ, ಬ್ರೋಮಿನ್ ಸೇರಿದ ಸಿಆರ್‌ಎಸ್‌ಬಿಆರ್ ಇದೆಯಲ್ಲ. ಗಾಳಿಗೆ ಜಗ್ಗುವುದಿಲ್ಲ. 132 ಕೆಲ್ವಿನ್‌ವರೆಗೆ ಪದರಗಳು ಎದುರುಬದುರಾಗಿ ನಿಂತಿರುತ್ತವೆ, ಅಂದರೆ ದ್ರವ ಸಾರಜನಕದಲ್ಲಿ ಆರಾಮ. ಕ್ರೋಮಿಯಂ ಟ್ರೈಅಯೊಡೈಡ್ ಹಿಂದೆ ಹೋದವರ ಕಥೆ ನನಗೆ ಗೊತ್ತು. ಅದಕ್ಕೆ ಹೀಲಿಯಂ ಬೇಕು. ನಮ್ಮ ದೇಶಕ್ಕೆ ಹೀಲಿಯಂ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ಬರುವುದು. ನಾನಿದ್ದ ಕಡೆ ಒಂದು ಡಬ್ಬಕ್ಕೆ ಎರಡು ತಿಂಗಳು ಕಾದು, ಬಂದ ದಿನವೇ ಕರೆಂಟ್ ಹೋಗಿ, ಪಂಪ್ ನಿಂತು, ಅರ್ಧ ಆಕಾಶಕ್ಕೆ ಹೋಯಿತು. ಅಂದಿನಿಂದ ನನ್ನ ಹೆಸರು ಇದು.

ಬಿಸಿಯಂಟು

ಸಿಆರ್‌ಎಸ್‌ಬಿಆರ್ ಒಳ್ಳೆಯದೇ, ಆದರೆ ಅದು ಅರೆವಾಹಕ. ಮೇಡಂಗೆ ಬೇಕಿರುವುದು ಲೋಹದ ಹಾಗೆ ಕರೆಂಟ್ ಕೊಡುವ ಅಯಸ್ಕಾಂತ. ಹಾಗೆ ನೋಡಿದರೆ ಜರ್ಮೇನಿಯಂ ಜಾಗದಲ್ಲಿ ಗ್ಯಾಲಿಯಂ ಇರುವ ಎಫ್‌ಜಿಎಟಿ 2022ರಲ್ಲಿ ಬಂತು. ಅದು 350 ಕೆಲ್ವಿನ್ ದಾಟಿದರೂ ಅಯಸ್ಕಾಂತ. ಸಾರಜನಕವೂ ಬೇಡ, ಮೇಜಿನ ಮೇಲೆ ಅಳೆಯಬಹುದು. ಸಿಕ್ಕರೆ ಮುಂದಿನ ಸಲ ಅದನ್ನು ತರಿಸಿ.

ಪ್ರಮೇಯಪ್ಪ

ತಿರುಚಿ ಇಡುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ನಿಜವಾದ ಭೌತಶಾಸ್ತ್ರ ಇರುವುದು ಅಲ್ಲಿ. ಕ್ರೋಮಿಯಂ ಟ್ರೈಅಯೊಡೈಡಿನ ಪದರ ಒಂದರ ಮೇಲೊಂದು ಹೇಗೆ ಜಾರಿ ಕೂತಿದೆ ಅನ್ನುವುದರ ಮೇಲೆ ಎರಡೂ ಒಂದೇ ಮುಖವೋ ಎದುರು ಮುಖವೋ ತೀರ್ಮಾನ ಆಗುತ್ತದೆ. ಸ್ವಲ್ಪ ತಿರುಚಿದರೆ ಒಂದು ಜಾಗದಲ್ಲಿ ಹೀಗೆ, ಪಕ್ಕದಲ್ಲಿ ಹಾಗೆ. ಒಂದೇ ಚೂರಿನೊಳಗೆ ಎರಡೂ ಪಟ್ಟೆ ಪಟ್ಟೆಯಾಗಿ ಬರುತ್ತದೆ. 2021ರಲ್ಲಿ ಕಣ್ಣಾರೆ ತೋರಿಸಿದ್ದಾರೆ. ಅದನ್ನು ಬಿಟ್ಟು ನೀವು ಗುಳ್ಳೆ, ಟಿಫಿನ್ ಡಬ್ಬಿ ಅಂತ ಕೂತಿದ್ದೀರಿ.

ಸಾರಜನಕ_ಡಬ್ಬಿ

ಗುಳ್ಳೆ ತೆಗೆಯದೆ ತಿರುಚಿ ನೋಡಿ ಸ್ವಾಮಿ. ಕೋನ ಒಂದು ಕಡೆ, ಚೂರು ಇನ್ನೊಂದು ಕಡೆ.

ಆಲೆಮನೆ_ಹುಡುಗ

ಬಟ್ಟೆ ಮಡಿಸಿದಾಗ ಸೊಳ್ಳೆಪರದೆ ಮೇಲೆ ಸೊಳ್ಳೆಪರದೆ ಬಿದ್ದು ದೊಡ್ಡ ದೊಡ್ಡ ಅಲೆ ಕಾಣುತ್ತದಲ್ಲ, ಅದೇ ತಾನೇ ಇದು?

ಪ್ರಮೇಯಪ್ಪ

ಅದೇ. ನೀನು ವಾಪಸ್ ಓದಲು ಬಾರಪ್ಪ.

ಚಿರೋಟಿಪ್ರಿಯ

ಇಷ್ಟೆಲ್ಲ ಮಾತಾಡಿದಿರಿ, ಟೇಪ್ ಯಾವುದು ಅಂತ ಹೇಳಲೇ ಇಲ್ಲ. ನಮ್ಮ ಸ್ಟೇಷನರಿ ಅಂಗಡಿಯ ಸೆಲ್ಲೋಟೇಪ್ ಆಗುತ್ತಾ?

ಬಿಸಿಯಂಟು

ಆಗುತ್ತದೆ, ಆದರೆ ಅಂಟು ಜಾಸ್ತಿ ಬಿಡುತ್ತದೆ. ಸಿಲಿಕಾನ್ ಬಿಲ್ಲೆ ಕತ್ತರಿಸುವಾಗ ಅಂಟಿಸುವ ನೀಲಿ ಟೇಪ್ ಮೇಲು. ಮೂರು ನಾಲ್ಕು ಸಲ ಮಡಿಸಿ ಬಿಡಿಸಿದರೆ ಸಾಕು. ಹತ್ತು ಸಲ ಮಾಡಿದರೆ ಚೂರು ಪುಡಿಯಾಗುತ್ತದೆ.

ಹರಳುಗಣ್ಣಿ, ಏಳು ವಾರದ ಮೇಲೆ

ಮರೆತಿರಬಹುದು, ಮತ್ತೆ ಬಂದೆ.

ಬೆಂಗಳೂರಿನಿಂದ ಚಿನ್ನದ ಗೆರೆ ಹಾಕಿದ 24 ಚಿಪ್ಪು ತಂದೆ. ಆಕ್ರಿಲಿಕ್ ಪೆಟ್ಟಿಗೆಯ ಕೀಲುಗಳಿಗೆ ಸಿಲಿಕೋನ್ ಹಚ್ಚಿ, ಒಳಗೆ ಒಣಗಿಸುವ ಕಾಳು ತಟ್ಟೆಯಲ್ಲಿಟ್ಟು, ಹಿಂದಿನ ರಾತ್ರಿಯೇ ಸಾರಜನಕ ಬಿಟ್ಟೆ. ತೇವ 4ಕ್ಕೆ ಇಳಿಯಿತು. ಗಾಜಿನಂಗಡಿ ಅಣ್ಣನ ಹತ್ತಿರ ನಿಜವಾಗಿಯೂ ಒಂದು ಸಂಜೆ ಹೋಗಿ ನಿಂತು ನೋಡಿದೆ. ಅವರು ಗಾಜು ಇಳಿಸುವಾಗ ಉಸಿರು ಹಿಡಿಯುತ್ತಾರೆ. ನಾನೂ ಈಗ ಹಿಡಿಯುತ್ತೇನೆ.

ಮೊದಲ ಆರು ಹಾಳು. ಒಂದರಲ್ಲಿ ಕೊನೆಯ ಪದರ ಸ್ಟಾಂಪಿಗೇ ಅಂಟಿಕೊಂಡು ಬರಲಿಲ್ಲ, ಪಾಲಿಕಾರ್ಬೊನೇಟ್ ಕರಗಿಸುವ ಕ್ಲೋರೋಫಾರ್ಮಿನಲ್ಲಿ ತೇಲಿಹೋಯಿತು. ಏಳನೆಯದರಲ್ಲಿ 110 ಡಿಗ್ರಿಗೆ ಗೆರೆ ನಿಧಾನವಾಗಿ ಬರುವಾಗ ಒಂದು ಗುಳ್ಳೆ ಅದರ ಮುಂದೆ ಮುಂದೆ ಓಡಿ ಅಂಚಿನಿಂದ ಆಚೆ ಬಿತ್ತು. ಕೂಗಿಬಿಟ್ಟೆ. ಪಕ್ಕದ ಕೋಣೆಯವರು ಏನೋ ಸಿಡಿಯಿತು ಅಂತ ಓಡಿ ಬಂದರು.

ಸಂಪರ್ಕದ ತಡೆ ಕಿಲೋ ಓಮ್‌ಗೆ ಇಳಿದಿದೆ. 77 ಕೆಲ್ವಿನ್‌ನಲ್ಲಿ ಫೀಲ್ಡ್ ಏರಿಸಿದರೆ ತಡೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಇನ್ನೂ ಏರಿಸಿದರೆ ಒಂದು ಮೆಟ್ಟಿಲು ಕೆಳಗೆ ಬರುತ್ತದೆ. ಆ ಎರಡು ಮೆಟ್ಟಿಲ ನಡುವೆ ಶೇ. 6. ಹತ್ತು ಕೇಳಿದ್ದೆ, ಆರು ಸಿಕ್ಕಿತು.

ಕುಲುಮೆ_ತಾತ

ಭೇಷ್ ಮಗಳೇ. ಫೀಲ್ಡ್ ಇಳಿಸುವಾಗಲೂ ಮೆಟ್ಟಿಲು ಅದೇ ಥರ ಆ ಕಡೆ ಬರುತ್ತದಾ? ನೋಡಿಕೋ.

ಹರಳುಗಣ್ಣಿ

ಸ್ವಲ್ಪ ಪಕ್ಕಕ್ಕೆ ಸರಿದಿದೆ ತಾತ, ಎರಡೂ ಕಡೆ ಸಮ ಇಲ್ಲ.

ಸಾರಜನಕ_ಡಬ್ಬಿ

ಇನ್ನೂ ಒಂದು ತೆಳು ಆಕ್ಸೈಡ್ ಉಳಿದಿದೆ ಅನ್ನಿಸುತ್ತದೆ. ಆಕ್ಸೈಡ್ ಆದ ಪದರ ಅಡಿಯ ಅಯಸ್ಕಾಂತವನ್ನು ಒಂದು ಕಡೆಗೆ ಎಳೆದು ಹಿಡಿಯುತ್ತದೆ, ಲೂಪ್ ಪಕ್ಕಕ್ಕೆ ಸರಿಯುತ್ತದೆ. ಫೀಲ್ಡ್ ಹಾಕಿಕೊಂಡೇ ತಣ್ಣಗೆ ಮಾಡಿ, ಆಮೇಲೆ ಎದುರು ಫೀಲ್ಡಿನಲ್ಲಿ ತಣ್ಣಗೆ ಮಾಡಿ. ಸರಿಯುವ ದಿಕ್ಕು ಬದಲಾದರೆ ಅದೇ. ಬೇಸರ ಬೇಡ, ಅದನ್ನೇ ಎರಡನೇ ಪೇಪರ್ ಮಾಡಿದವರಿದ್ದಾರೆ.

ಪ್ರಮೇಯಪ್ಪ

ಅಭಿನಂದನೆ. ಆದರೆ 18 ನ್ಯಾನೋಮೀಟರ್ ಅಂದರೆ ಇಪ್ಪತ್ತೆರಡು ಪದರ. ಅದು ಎರಡು ಆಯಾಮವೇ ಅಲ್ಲ. ನನ್ನ ಪ್ರಮೇಯ ಹಾಗೇ ಇದೆ.

ಆಲೆಮನೆ_ಹುಡುಗ

ಬನ್ನಿ ಅಣ್ಣ ಗದ್ದೆಗೆ, ಕಟ್ಟು ಹಾಕೋಣ.

ಗಾಜಿನಂಗಡಿ

ಅಕ್ಕ, ಆ ದಿನ ನಿಮ್ಮ ಫೋನಿನ ಗಾಜು ಒಡೆದಿತ್ತಲ್ಲ, ಹಾಕಿಸಿಕೊಳ್ಳದೆ ಹೋದಿರಿ. ಬನ್ನಿ, ಹಾಕಿಕೊಡುತ್ತೇನೆ.

ಚಿರೋಟಿಪ್ರಿಯ

ಬೆಟ್ಟ ಯಾವಾಗ ಹತ್ತುತ್ತೀರಿ ಮೇಡಂ?

ಹರಳುಗಣ್ಣಿ

ಆರು ಬಂದಿದೆ. 600 ಮೆಟ್ಟಿಲು ಹತ್ತಿ ಕೂರುತ್ತೇನೆ. ಉಳಿದ 400 ಮುಂದಿನ ಚಿಪ್ಪಿಗೆ.